ಗ್ಲೌವಿನೊಳಗೆ ಹೊಲಿದಿಟ್ಟ ಭವಿಷ್ಯ

ನಮ್ಮ ಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಒಂಬತ್ತು ವರ್ಷ ಒಂದು ಬೇಸ್‌ಬಾಲ್ ಗ್ಲೌ ಇತ್ತು. ಮಗಳ ಎಡಗೈಯದು. ಅವಳ ಕೈ ಬೆಳೆದು ಗ್ಲೌ ಚಿಕ್ಕದಾಗಿ ಎಷ್ಟೋ ಕಾಲವಾಗಿದ್ದರೂ ಅದನ್ನು ಯಾರೂ ಬಿಸಾಡಿರಲಿಲ್ಲ, ಯಾರಿಗೂ ಕೊಟ್ಟಿರಲಿಲ್ಲ. ಮನೆಗೆ ಬಂದವರು ಅದನ್ನು ಕ್ರಿಕೆಟ್ ಕೀಪರ್‌ನ ಗ್ಲೌ ಎಂದುಕೊಂಡು, "ಇನ್ನೊಂದೆಲ್ಲಿ?" ಎಂದು ಕೇಳುತ್ತಿದ್ದರು. ಇದು ಒಂಟಿಯೇ, ಇನ್ನೊಂದು ಇರುವುದೇ ಇಲ್ಲ ಎಂದು ಹೇಳಿ ಹೇಳಿ ನನಗೆ ಸಾಕಾಗಿತ್ತು. ಆದರೆ ಆ ಗ್ಲೌವಿನ ಹೊಟ್ಟೆಯಲ್ಲಿ, ಚರ್ಮಕ್ಕೂ ಅಸ್ತರಿಗೂ ನಡುವೆ, ನಾಲ್ಕು ಮಡಿಕೆಯ ಒಂದು ಚೀಟಿ ಇದೆ, ಅದರಲ್ಲಿ ನನ್ನ ಮಗಳ ಭವಿಷ್ಯ ನನ್ನದೇ ಅಕ್ಷರದಲ್ಲಿ ಇದೆ, ಮತ್ತು ಅದು ಸುಳ್ಳು ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳಿರಲಿಲ್ಲ.

ಕಾಂದಿವಲಿಯ ನಮ್ಮ ಬಿಲ್ಡಿಂಗಿನಿಂದ ಹತ್ತು ನಿಮಿಷ ನಡೆದರೆ ಒಂದು ಮೈದಾನ. ಭಾನುವಾರ ಬೆಳಿಗ್ಗೆ ಅಲ್ಲಿ ಒಂದೇ ಹೊತ್ತಿಗೆ ಏಳೆಂಟು ಕ್ರಿಕೆಟ್ ಆಟ ನಡೆಯುತ್ತವೆ. ಒಬ್ಬರ ಫೀಲ್ಡರ್ ಇನ್ನೊಬ್ಬರ ವಿಕೆಟ್ಟಿನ ಹತ್ತಿರ ನಿಂತಿರುತ್ತಾನೆ. ಅದರ ಒಂದು ಮೂಲೆ, ಮುನಿಸಿಪಾಲ್ಟಿಯ ನೀರಿನ ಟ್ಯಾಂಕಿನ ಕಡೆಯದು, ಹುಡುಗಿಯರ ಬೇಸ್‌ಬಾಲ್‌ಗೆ. ಮಗಳು ಆರನೆಯ ಇಯತ್ತೆಯಲ್ಲಿದ್ದಾಗ ಶಾಲೆಯ ಗೆಳತಿಯ ಬೆನ್ನು ಹತ್ತಿ ಅಲ್ಲಿಗೆ ಹೋದಳು. ನಾನು ಮಗಳ ಬೆನ್ನು ಹತ್ತಿ ಹೋದೆ. ಹೋದವಳು ಸುಮ್ಮನೆ ಕೂಡಲಾರದೆ ಸ್ಕೋರ್ ಬರೆಯಲು ಕುಳಿತೆ.

ಕೂರಿಸಿದವರು ಅಲ್ಲಿನ ಕೋಚ್. ಹುಡುಗಿಯರಿಗೆ ಅವರು ಸರ್, ನನಗೆ ಭಾಯಿ. ವಿಜಯಪುರದ ಕಡೆಯವರು. ಬೈಕುಲ್ಲಾದಲ್ಲಿ ಅವರದೊಂದು ಚಿಕ್ಕ ಖೋಲಿ, ಚರ್ಮದ ಚೀಲ, ಬೆಲ್ಟು, ಕ್ರಿಕೆಟ್ ಪ್ಯಾಡು ಹೊಲಿಯುವ ಕೆಲಸ. ಬೇಸ್‌ಬಾಲ್ ಅವರಿಗೆ ಹೇಗೆ ಗಂಟುಬಿತ್ತು ಎಂದು ಮೊದಲ ದಿನವೇ ಕೇಳಿದ್ದೆ.

"ಹಳೇ ಸಾಮಾನಿನ್ಯಾಂವ ಒಂದ್ ಗೋಣಿಚೀಲ ತುಂಬ ಇಂಥಾವ ತಂದು ಒಗದಾ ಅಕ್ಕಾರ. ಎಲ್ಲಾ ಹರದಿದ್ದುವು. ಹರದಿದ್ದು ಕಂಡ್ರ ನನ್ನ ಕೈ ಸುಮ್ಕ ಇರೂದಿಲ್ಲ, ಹೊಲದೆ. ಹೊಲದಮ್ಯಾಲ ತಗೋಳಾವ್ರು ಯಾರೂ ಇಲ್ಲ! ಮೊದಲ ಗ್ಲೌ ಬಂದುವು, ಆಮ್ಯಾಲ ಆಟ ಕಲತೆ, ಅದರ ಮ್ಯಾಲ ಹುಡಿಗ್ಯಾರನ್ನ ಹುಡಕಿದೆ. ಎಲ್ಲಾ ಉಲ್ಟಾ."

ಹುಡುಗರು ಯಾರೂ ಕ್ರಿಕೆಟ್ ಬಿಟ್ಟು ಬರಲಿಲ್ಲವಂತೆ. ಹುಡುಗಿಯರು ಬಂದರು.

ನಾನು ಹುಟ್ಟಿ ಬೆಳೆದದ್ದು ಪರೇಲಿನ ಚಾಳಿನಲ್ಲಿ. ಶಾಲೆ ಮರಾಠಿಯದು. ಕನ್ನಡ ಬಂದದ್ದು ಮನೆಯ ಹಿರಿಯರಿಂದ. ಮಾತು ಧಾರವಾಡದ ಅಜ್ಜಿಯಿಂದ, ಅಕ್ಷರ ಅಪ್ಪನಿಂದ. ಅಪ್ಪ ಗೋಡೆಯ ಕ್ಯಾಲೆಂಡರಿನ ಒಂದೊಂದು ವಾರದ ಹೆಸರನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆಸಿ ಕಲಿಸಿದರು. ಸೋಮವಾರ ಕಲಿಯದೆ ಮಂಗಳವಾರಕ್ಕೆ ಹೋಗುವ ಹಾಗಿರಲಿಲ್ಲ. ಮುಂದೆ ನೌಕರಿಯೂ ಪರೇಲಿನಲ್ಲೇ ಸಿಕ್ಕಿತು, ಒಂದು ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ. ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು ನನ್ನ ಕೆಲಸ. ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇದನ್ನು ಕೇಳಿಯೇ ಭಾಯಿ ಸ್ಕೋರ್ ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿದರು.

ಬೇಸ್‌ಬಾಲ್ ಸ್ಕೋರಿನಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ತಪ್ಪಿನ ಕಾಲಂ. ಹಿಡಿಯಬಹುದಾದ ಚೆಂಡನ್ನು ಯಾರಾದರೂ ಬಿಟ್ಟರೆ ಅದನ್ನು ಆಕೆಯ ಹೆಸರಿಗೆ ಬರೆಯಬೇಕು. ಬಿಟ್ಟದ್ದು ಕಷ್ಟದ ಚೆಂಡೋ, ಸುಲಭದ್ದೋ ಎಂದು ತೀರ್ಮಾನ ಮಾಡುವವರು ಸ್ಕೋರ್ ಬರೆಯುವವರೇ. "ಅಲ್ಲಿ ದಯಾ ತೋರಿಸಬ್ಯಾಡ್ರಿ ಅಕ್ಕಾರ," ಎಂದಿದ್ದರು ಭಾಯಿ. "ನೀವು ಪುಸ್ತಕದಾಗ ಮುಚ್ಚಿದ್ರ ಆ ಹುಡಿಗಿ ಮುಂದಿನ ವಾರ ಅದ್ನ ಬಿಡ್ತಾಳ." ಎರಡನೆಯ ಭಾನುವಾರವೇ ನನ್ನ ಮಗಳು ಕೈಗೆ ಬಂದ ಚೆಂಡನ್ನು ಕಾಲ ಸಂದಿಯಿಂದ ಬಿಟ್ಟಳು. ಬರೆದೆ. ಮನೆಗೆ ಬರುವತನಕ ಅವಳು ನನ್ನೊಂದಿಗೆ ಮಾತಾಡಲಿಲ್ಲ.

ಈಗ ಚೀಟಿಯ ವಿಷಯ.

ಮಳೆಗಾಲದ ನಾಲ್ಕು ತಿಂಗಳು ಮೈದಾನವೆಲ್ಲ ಕೆಸರು, ಆಟವಿಲ್ಲ. ಮುಂಬಯಿಯ ಮಳೆಯಲ್ಲಿ ಚರ್ಮವನ್ನು ಮನೆಯಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ ಎಂದು ಭಾಯಿ ಜೂನ್ ಬರುವ ಮೊದಲು ಎಲ್ಲರ ಗ್ಲೌಗಳನ್ನೂ ಬೈಕುಲ್ಲಾಕ್ಕೆ ಒಯ್ಯುತ್ತಿದ್ದರು. ಎಣ್ಣೆ ಹಚ್ಚಿ, ಬಿಟ್ಟ ಹೊಲಿಗೆ ಹಾಕಿ, ಬೆರಳುಗಳನ್ನು ಬಿಗಿಯುವ ಚರ್ಮದ ವಾದಿ ಹೊಸದು ಪೋಣಿಸಿ, ದಸರೆ ಹೊತ್ತಿಗೆ ಹಿಂತಿರುಗಿಸುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯ ಗ್ಲೌ ಮೊದಲ ಸಲ ಅವರ ಕೈಗೆ ಹೋದಾಗ ಅವರದೊಂದು ಪದ್ಧತಿ. ಆ ಹುಡುಗಿ ಮುಂದೆ ಏನಾಗುತ್ತಾಳೆ ಎಂದು ಚೀಟಿ ಬರೆಸಿ, ಗ್ಲೌವಿನೊಳಗಿಟ್ಟು ಹೊಲಿಯುವುದು. ಗ್ಲೌ ಸವೆದು ಇನ್ನು ಆಡಲು ಬಾರದು ಎಂದಾದ ದಿನ ಅದನ್ನು ಎಲ್ಲರ ಮುಂದೆ ಕೊಯ್ದು ಓದುವುದು. ಅಲ್ಲಿಯವರೆಗೆ ಯಾರೂ ತೆಗೆಯಬಾರದು.

"ಬಾಯಿಲೆ ಹೇಳಿಬಿಡ್ರಲ್ಲ ಭಾಯಿ, ಹೊಲಿಯೋದ್ಯಾಕ?" ಎಂದು ಕೇಳಿದ್ದೆ.

"ಮುಖದ ಮ್ಯಾಲ ಹೇಳಿದ್ರ ಹುಡಿಗಿ ಉಬ್ಬತಾಳ, ಇಲ್ಲಾ ಒಡೀತಾಳ. ಸುಮ್ಕ ಮನಸಿನ್ಯಾಗ ಇಟಗೊಂಡ್ರ ನಾ ಕೆಡ್ತೀನಿ. ಆದಮ್ಯಾಲ ಎಲ್ಲಾರೂ ಅಂತಾರ, ನಾ ಮೊದ್ಲ ಹೇಳಿದ್ನಿ, ನಾ ಮೊದ್ಲ ಹೇಳಿದ್ನಿ ಅಂತ. ನಾನೂ ಅಂತೀನಿ. ಹೊಲದಿಟ್ರ ಸುಳ್ಳ ಹೇಳಾಕ ಬರೂದಿಲ್ಲ."

ಅವರು ಹುಡುಗಿಯ ಮುಖ ನೋಡಿ ಭವಿಷ್ಯ ಹೇಳುತ್ತಿರಲಿಲ್ಲ, ಗ್ಲೌ ನೋಡಿ ಹೇಳುತ್ತಿದ್ದರು. ಒಂದು ಹಂಗಾಮು ಆಡಿದ ಗ್ಲೌವಿನೊಳಗೆ ಕೈ ಹಾಕಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಸವರುವರು. ಬೆರಳ ತುದಿಯ ಕಡೆ ಸವೆದಿದ್ದರೆ ಚೆಂಡಿಗೆ ಅಂಜುವವಳು. ಬುಡದ ಕಡೆ ಸವೆದಿದ್ದರೆ ಅವಸರದವಳು, ಚೆಂಡು ಬರುವ ಮೊದಲೇ ಮುಂದೆ ನುಗ್ಗುವವಳು. ಅಂಚಿನಲ್ಲಿ ಹಲ್ಲಿನ ಗುರುತಿದ್ದರೆ ಆಟ ನಡೆದಾಗ ಬೇರೆ ಏನನ್ನೋ ಯೋಚಿಸುತ್ತ ವಾದಿ ಕಚ್ಚುವವಳು.

ಭಾಯಿ ಓದಿದ್ದು ಉರ್ದು ಶಾಲೆಯಲ್ಲಿ. ಕನ್ನಡ ಮಾತಿಗೆ ಮಾತ್ರ, ಓದಲು ಬರೆಯಲು ಬರುತ್ತಿರಲಿಲ್ಲ. ಆದರೂ ಚೀಟಿ ಕನ್ನಡದಲ್ಲೇ ಇರಬೇಕು ಎಂದರು. "ಹಿಂದಿ ಬರದ್ರ ಓದ್ತಾರ, ಮರಾಠಿ ಬರದ್ರ ಓದ್ತಾರ, ಇಂಗ್ಲಿಷ್ ಬರದ್ರ ಮೊದ್ಲ ಓದ್ತಾರ. ಈ ಮೈದಾನದಾಗ ಕನ್ನಡ ಓದಾವ್ರು ನೀವೊಬ್ರ ಅದೀರಿ. ಕೀಲಿ ನಿಮ್ಮ ಹಂತ್ಯಾಕ." ಹಾಗೆ ನಾನು ಕೀಲಿಕೈಯಾದೆ. ಆಸ್ಪತ್ರೆಯಿಂದ ಪರೇಲ್ ಸ್ಟೇಷನ್ನಿಗೆ ನಡೆದು, ಲೋಕಲ್ ಹಿಡಿದು ಬೈಕುಲ್ಲಾದಲ್ಲಿ ಇಳಿದು, ಆ ಖೋಲಿಯಲ್ಲಿ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೆ. ಸುತ್ತ ಚರ್ಮದ ವಾಸನೆ, ಮೇಣದ ವಾಸನೆ. ನನ್ನ ಸ್ವಂತ ಮಗಳಿಗೆ ಕನ್ನಡ ಓದಲು ಬರುವುದಿಲ್ಲವೆಂಬ ಸಂಕಟ ನನಗೆ ಸದಾ ಇತ್ತು. ಅದೇ ಒಂದು ದಿನ ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ.

ಅವರ ಭವಿಷ್ಯ ನಿಜವಾಗುತ್ತಿತ್ತೇ ಎಂದರೆ, ಅರ್ಧಕ್ಕರ್ಧ ಎನ್ನಬಹುದು. ಒಬ್ಬಳು ಕಡ್ಡಿಯಂಥ ಹುಡುಗಿ, ಚಾಳಿನವಳು, ಬೆರಳ ತುದಿಯಲ್ಲಿ ಚೆಂಡು ಹಿಡಿಯುವವಳು. "ಈಕಿ ದೀಪಾವಳಿ ಆದಮ್ಯಾಲ ಬರೂದಿಲ್ಲ" ಎಂದು ಬರೆಸಿದ್ದರು. ಅವಳು ಒಂಬತ್ತು ವರ್ಷ ಆಡಿದಳು. ಕ್ರೀಡಾ ಮೀಸಲಿನಲ್ಲಿ ಪೊಲೀಸ್ ನೌಕರಿ ಸೇರಿ, ಖಾಕಿ ಹಾಕಿಕೊಂಡೇ ಚೀಟಿ ಓದಿಸಿಕೊಳ್ಳಲು ಬಂದಳು. ನಾನು ಓದಿದೆ. "ಸರ್, ನಿಮ್ಮನ್ನ ಒಳಗ ಹಾಕ್ಲೇನು?" ಎಂದು ಅವಳು ಹಿಂದಿಯಲ್ಲಿ ಗದರಿದಾಗ ಭಾಯಿ ಎರಡೂ ಕೈ ಮುಂದೆ ಚಾಚಿ, ಬೇಡಿ ಹಾಕೆಂದು ನಿಂತರು. ಇನ್ನೊಬ್ಬಳು ರಾಜ್ಯ ತಂಡದ ಕ್ಯಾಪ್ಟನ್ ಆಗುತ್ತಾಳೆ ಎಂದಿದ್ದರು. ಆಕೆ ಹತ್ತನೆಯ ಇಯತ್ತೆಯ ನಂತರ ಗ್ಲೌ ಮುಟ್ಟಲಿಲ್ಲ. ಕೇಕು ಮಾಡುವುದನ್ನು ಕಲಿತಳು, ಮೈದಾನಕ್ಕೆ ಡಬ್ಬಿ ತುಂಬ ಕೇಕು ತಂದು ಕೊಟ್ಟಳು. ಭಾಯಿ ತಿನ್ನುತ್ತ ಹೇಳಿದರು: "ಚಮಡಾ ಓದಾಕ ಬರ್ತದ ಅಕ್ಕಾರ. ಹುಡಿಗ್ಯಾರನ್ನ ಓದಾಕ ಇನ್ನೂ ಬಂದಿಲ್ಲ."

ತಪ್ಪಾದಾಗ ಅವರಿಗಾಗುತ್ತಿದ್ದಷ್ಟು ಸಂತೋಷ ಸರಿಯಾದಾಗ ಆದದ್ದನ್ನು ನಾನು ನೋಡಿಲ್ಲ. ಇದು ನನಗೆ ಮೊದಲ ವರ್ಷವೇ ಗೊತ್ತಿದ್ದಿದ್ದರೆ ಈಗ ಹೇಳಹೊರಟಿರುವುದೇನೂ ಆಗುತ್ತಿರಲಿಲ್ಲ.

ಮಗಳಿಗೆ ಆಗ ಹದಿಮೂರು. ಅವಳಿಗೆ ಪಿಚರ್ ಆಗುವ ಹುಚ್ಚು. ಪಿಚರ್ ಎಂದರೆ ನಡುವಿನ ದಿಬ್ಬದ ಮೇಲೆ ನಿಂತು ಚೆಂಡೆಸೆಯುವವಳು. ಎಲ್ಲರ ಕಣ್ಣೂ ಅವಳ ಮೇಲೆಯೇ. ಮನೆಯಲ್ಲಿ ಕಾಲುಚೀಲ ಸುತ್ತಿದ ಉಂಡೆಯನ್ನು ಬಾಗಿಲಿಗೆ ಎಸೆದೆಸೆದು, ಬಾಗಿಲಿನ ಬಣ್ಣ ಒಂದೇ ಜಾಗದಲ್ಲಿ ಹೋಗಿತ್ತು. ನಮ್ಮ ಅತ್ತೆ, ಆಗ ನಮ್ಮೊಂದಿಗೇ ಇದ್ದವರು, ಹಳೆಯ ಸೀರೆಗಳ ಕೌದಿ ಹೊಲಿಯುತ್ತ ಕುಳಿತು ಪ್ರತಿ ಏಟಿಗೂ ತಲೆ ಎತ್ತುತ್ತಿದ್ದರು. "ಏ ಕೂಸ, ಬಾಗಲಾ ಏನ್ ಮಾಡೈತೆ ನಿನಗ?"

ಆ ಆಗಸ್ಟಿನ ಒಂದು ಸಂಜೆ ಬೈಕುಲ್ಲಾದಲ್ಲಿ ಭಾಯಿ ನನ್ನ ಮಗಳ ಗ್ಲೌ ಕೈಗೆತ್ತಿಕೊಂಡರು. ಉಳಿದವರದಕ್ಕಿಂತ ಹೆಚ್ಚು ಹೊತ್ತು ನೋಡಿದರು. ನಾನು ಪೆನ್ನು ಹಿಡಿದು ಕಾಯುತ್ತಿದ್ದೆ. ನನ್ನ ಮುಖ ನೋಡಲಿಲ್ಲ ಅವರು, ನೋಡಿದ್ದರೆ ಬಹುಶಃ ನಿಲ್ಲಿಸುತ್ತಿದ್ದರು.

"ಬರೀರಿ. ಈಕಿ ಪಿಚರ್ ಆಗಬೇಕಂತಾಳ. ಆಗೂದಿಲ್ಲ. ತೋಳಿನ್ಯಾಗ ಜೋರಿಲ್ಲ. ಎರಡ ವರ್ಷ ಹಟಾ ಮಾಡ್ತಾಳ, ಅಳ್ತಾಳ. ಆದ್ರ..."

ಮುಂದಿನದು ನನ್ನ ಕಿವಿಗೆ ಬೀಳಲಿಲ್ಲ. ಅವರು ಮಾತಾಡುತ್ತಲೇ ಇದ್ದರು, ಗ್ಲೌ ತಿರುಗಿಸುತ್ತ ಇನ್ನೂ ಎರಡು ಮೂರು ಮಾತು ಹೇಳಿದರು. ನಾನು ಬಗ್ಗಿ ಬರೆಯುತ್ತಿದ್ದೆ, ಆದರೆ ಅವರು ಹೇಳಿದ್ದನ್ನಲ್ಲ. ಇಪ್ಪತ್ತು ವರ್ಷ ಡಾಕ್ಟರ ಬಾಯಿಯಿಂದ ಬಂದದ್ದನ್ನು ತಪ್ಪದೆ ಇಳಿಸಿದ ಕೈ ಅದು. ನಾನು ಬರೆದದ್ದು ಇದು:

ಈಕಿ ಪಿಚರ್ ಆಗತಾಳ. ಮಹಾರಾಷ್ಟ್ರದ ಟೀಮಿಗೆ ಆಡತಾಳ. ಈಕಿಗೆ ಯಾರೂ ಬ್ಯಾಡ ಅನ್ನಬಾರದು.

"ಆತೇನ್ರಿ?" ಎಂದರು ಭಾಯಿ.

"ಆತು ಭಾಯಿ."

ಅವರು ಚೀಟಿಯನ್ನು ತೆಗೆದುಕೊಂಡು, ಓದಲು ಬಾರದಿದ್ದರೂ ಒಮ್ಮೆ ಅದರ ಮೇಲೆ ಕಣ್ಣಾಡಿಸಿ, ಮಡಿಚಿ, ಒಳಗಿಟ್ಟು, ದಪ್ಪ ಸೂಜಿಯಿಂದ ಹೊಲಿದುಬಿಟ್ಟರು. ದಾರದ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಮನೆಗೆ ಬರುವಾಗ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಮುಖಕ್ಕೆ ಗಾಳಿ ಬಡಿದರೂ ಮೈ ಬಿಸಿಯಾಗಿಯೇ ಇತ್ತು.

ಆ ದಸರೆಗೆ ಗ್ಲೌ ವಾಪಸು ಬಂತು. ಅದಾದ ಸ್ವಲ್ಪ ದಿನಕ್ಕೇ ಒಂದು ಆಶ್ಚರ್ಯ ನಡೆಯಿತು. ಮಗಳು ಅಜ್ಜಿಯ ಹತ್ತಿರ ಹೋಗಿ, "ಅಜ್ಜಿ, ಮುಝೆ ಕನ್ನಡ ಲಿಖನಾ... ಬರಿಯಾಕ ಕಲಸ್ತಿಯೇನು?" ಎಂದಳು. ನನಗೆ ಕಣ್ಣಲ್ಲಿ ನೀರೇ ಬಂತು. ನಾನು ಎಷ್ಟು ಗೋಗರೆದರೂ ಬಾರದವಳು ತಾನಾಗಿ ಬಂದಳಲ್ಲ! ಅತ್ತೆ ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಅವರ ಅಕ್ಷರಗಳು ಅವರ ರೊಟ್ಟಿಯಂತೆ, ದುಂಡಗೆ, ದೊಡ್ಡದಾಗಿ, ಒಂದಕ್ಕೊಂದು ಸ್ವಲ್ಪ ದೂರ. ನಾಲ್ಕು ತಿಂಗಳು ಅಜ್ಜಿ ಮೊಮ್ಮಗಳು ಮಧ್ಯಾಹ್ನದ ಹೊತ್ತು ನೆಲದ ಮೇಲೆ ಬೋರಲು ಮಲಗಿ ಬರೆದರು. ನಾನು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿಕೊಂಡೆ, ಪೇಡೆ ಹಂಚಿದೆ. ನಮ್ಮ ಭಾಷೆ ಇನ್ನೊಂದು ತಲೆಮಾರಿಗೆ ಉಳಿಯಿತು ಎಂದೆ. ನನ್ನನ್ನು ನೋಡಿ ಅತ್ತೆ ನಕ್ಕರು. ಆ ನಗೆಯ ಅರ್ಥ ಕೇಳಬೇಕಿತ್ತು, ಕೇಳಲಿಲ್ಲ.

ಮಗಳು ಎರಡು ವರ್ಷ ಪಿಚರ್ ಆಗಲು ಹೆಣಗಿದಳು. ಭಾಯಿ ಹೇಳಿದ್ದು ಅಕ್ಷರಕ್ಕಕ್ಷರ ನಡೆಯುತ್ತಿತ್ತು, ಅದನ್ನು ತಿಳಿದವಳು ನಾನೊಬ್ಬಳೇ. ಒಂದು ಭಾನುವಾರ ಜಿಲ್ಲೆಯ ಆಯ್ಕೆ ಆಟ. ಅವಳ ಚೆಂಡು ಒಂದೂ ಸರಿಯಾದ ಜಾಗಕ್ಕೆ ಬೀಳಲಿಲ್ಲ. ನಾಲ್ಕು ಚೆಂಡು ದಾರಿ ತಪ್ಪಿದರೆ ಎದುರಿನವಳಿಗೆ ಮೊದಲ ಬೇಸ್ ಪುಕ್ಕಟೆ, ಅವರು ಬ್ಯಾಟು ಎತ್ತದೆಯೇ ಒಬ್ಬರ ಹಿಂದೆ ಒಬ್ಬರು ನಡೆದು ಹೋದರು. ನಾನು ಪುಸ್ತಕದಲ್ಲಿ ಬರೆಯುತ್ತ ಹೋದೆ. ಬರೆಯುವಾಗ ಕಾಗದ ತೊಯ್ಯಬಾರದೆಂದು ಮುಖ ಆಚೆ ತಿರುಗಿಸಿಕೊಂಡೆ. ಮರುದಿನ ಅವಳು ಶಾಲೆ ಬಿಟ್ಟವಳೇ ಒಬ್ಬಳೇ ಬೈಕುಲ್ಲಾಕ್ಕೆ ಹೋಗಿ ಬಂದಳು. ಬರುವಾಗ ಕೈಯಲ್ಲಿ ದಪ್ಪನೆಯ, ಉಬ್ಬಿದ ಇನ್ನೊಂದು ಗ್ಲೌ. ಕ್ಯಾಚರ್‌ನದು. ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಪಿಚರ್ ಎಸೆದದ್ದನ್ನೆಲ್ಲ ಹಿಡಿಯುವವಳು ಕ್ಯಾಚರ್.

"ಸರ್ ಏನಂದ್ರು?" ಎಂದು ಕೇಳಿದೆ.

"ಕುಛ್ ನಹೀಂ. ಕೂತು ನೋಡು ಅಂದ್ರು."

ಕೂತಳು. ಕೂತವಳು ಮತ್ತೆ ಏಳಲಿಲ್ಲ ಎನ್ನಬೇಕು. ಒಂಬತ್ತು ವರ್ಷ ಕ್ಯಾಚರ್ ಆಗಿ ಆಡಿದಳು. ಯೂನಿವರ್ಸಿಟಿ ತಂಡಕ್ಕೆ ಆಡಿದಳು, ಒಮ್ಮೆ ರಾಜ್ಯದ ಕ್ಯಾಂಪಿಗೆ ಹೋಗಿ ಕೊನೆಯ ದಿನ ಆಯ್ಕೆಯಾಗದೆ ಹಿಂತಿರುಗಿದಳು. ಆಗ ಅಳಲಿಲ್ಲ. ಈಗ ಒಂದು ಕಂಪನಿಯಲ್ಲಿ ಕೆಲಸ, ಭಾನುವಾರ ಅದೇ ಮೈದಾನದಲ್ಲಿ ಚಿಕ್ಕ ಹುಡುಗಿಯರಿಗೆ ಕಲಿಸುತ್ತಾಳೆ. ಮೊಣಕಾಲು ನೋವೆಂದು ರಾತ್ರಿ ಊಟದ ಮೇಲೆ ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಚೀಟಿಯಿದ್ದ ಹಳೆಯ ಗ್ಲೌ ಮೇಲಿನ ಅರೆಗೆ ಹೋದದ್ದು ಹಾಗೆ. ಅದು ಸವೆಯಲಿಲ್ಲ, ಆದ್ದರಿಂದ ಕೊಯ್ಯುವ ದಿನವೂ ಬರಲಿಲ್ಲ. ಅತ್ತೆ ತೀರಿಕೊಂಡರು, ಮೂರು ವರ್ಷವಾಯಿತು. ನನ್ನ ಸುಳ್ಳು ಅಲ್ಲೇ ಮೇಲೆ ಬೆಚ್ಚಗೆ ಕುಳಿತಿತ್ತು.

ಹೋದ ದಸರೆಗೆ ಮೊದಲು ಭಾಯಿ ಫೋನ್ ಮಾಡಿದರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಸಣ್ಣ ಹೊಲಿಗೆ ಕಾಣುತ್ತಿಲ್ಲ, ಖೋಲಿ ಮುಚ್ಚುತ್ತಿದ್ದೇನೆ ಎಂದರು. "ಹಳೇ ಹುಡಿಗ್ಯಾರಿಗೆಲ್ಲಾ ಹೇಳೀನಿ. ಒಳಗ ಚೀಟಿ ಇದ್ದ ಗ್ಲೌ ಎಲ್ಲಾ ಈ ಆದಿತವಾರ ಮೈದಾನಕ್ಕ ಬರಲಿ. ನನ್ನ ಕಣ್ಣಿರೂದ್ರಾಗ ಕೊಯ್ದು ಬಿಡೂಣು. ಓದಾಕ ನೀವ ಬೇಕು ಅಕ್ಕಾರ. ನಿಮ್ಮ ಮಗಳದೂ ಅದ ಅಲ್ಲಾ?"

ಶನಿವಾರ ಮಧ್ಯಾಹ್ನ ಮಗಳು ಆಫೀಸಿನಲ್ಲಿದ್ದಾಗ ಸ್ಟೂಲು ಹಾಕಿ ಗ್ಲೌ ಇಳಿಸಿದೆ. ಹೊಲಿಗೆ ಬಿಚ್ಚಿ ಚೀಟಿ ಬದಲಿಸುವುದು ನನ್ನ ಯೋಚನೆ. ಭಾಯಿ ಹೇಳಿದ್ದು ನೆನಪಿತ್ತು, 'ಆದ್ರ' ಎಂಬಲ್ಲಿಯವರೆಗೆ. ಅಷ್ಟನ್ನೇ ಬರೆದಿಟ್ಟರೆ ಸಾಕು. ಹಳೆಯ ಕಾಗದವನ್ನೂ ಹುಡುಕಿಟ್ಟುಕೊಂಡಿದ್ದೆ. ಅತ್ತೆಯ ಸೂಜಿ ಡಬ್ಬಿ ತೆಗೆದು, ಕನ್ನಡಕ ಹಾಕಿ, ಗ್ಲೌವಿನ ಬುಡ ಹೊರಳಿಸಿದೆ.

ಭಾಯಿಯ ಹೊಲಿಗೆ ನನಗೆ ಗೊತ್ತು. ಮೇಣ ಹಚ್ಚಿದ ದಾರ, ಚಿಕ್ಕ ಚಿಕ್ಕ ಟಾಕಿ, ಒಂದರ ಮೇಲೊಂದು ಏರಿದ್ದು. ಇದು ಅದಲ್ಲ. ಇದು ನೀಲಿ ನೂಲು. ಉದ್ದನೆಯ, ಒಂದೇ ಸಮನಾದ, ಎಡಕ್ಕೆ ತುಸು ವಾಲಿದ ಟಾಕಿಗಳು. ನನ್ನ ಮಂಚದ ಮೇಲಿನ ಕೌದಿಯ ತುಂಬ ಇರುವ ಟಾಕಿಗಳೇ ಇವು. ಅತ್ತೆಯ ಕೈ.

ಸೂಜಿಯನ್ನು ಡಬ್ಬಿಗೆ ಹಾಕಿದೆ. ಗ್ಲೌ ಮಡಿಲಲ್ಲಿಟ್ಟುಕೊಂಡು ಎಷ್ಟು ಹೊತ್ತು ಕುಳಿತೆನೋ, ಕುಕ್ಕರಿನ ಸೀಟಿ ಎಣಿಸುವುದನ್ನೂ ಮರೆತೆ, ಬೇಳೆ ತಳ ಹಿಡಿಯಿತು. ಆ ಹುಡುಗಿ ಕನ್ನಡ ಕಲಿತದ್ದು ಯಾಕೆಂದು ಹನ್ನೊಂದು ವರ್ಷದ ಮೇಲೆ ಹೊಳೆಯಿತು. ಹಂಚಿದ ಪೇಡೆಗಳೆಲ್ಲ ಕಣ್ಣ ಮುಂದೆ ಬಂದವು. ನಗು ಬಂತು. ಆಮೇಲೆ ಹೆದರಿಕೆ ಬಂತು. ಓದಿದ್ದಾಳೆ. ಓದಿ, ಅದನ್ನು ಭಾಯಿಯ ಮಾತೆಂದು ನಂಬಿ ಎರಡು ವರ್ಷ ಬಾಗಿಲಿಗೆ ಚೆಂಡೆಸೆದಿದ್ದಾಳೆ. ಆ ಅಳುವೆಲ್ಲ ನಾನು ಕೊಟ್ಟದ್ದು. ಅವಳಿಗದು ಗೊತ್ತಾದರೆ?

ಭಾನುವಾರ ಹತ್ತು ಹನ್ನೆರಡು ಹುಡುಗಿಯರು ಬಂದಿದ್ದರು. ಹುಡುಗಿಯರೆನ್ನುವುದು ನನ್ನ ರೂಢಿ. ಒಬ್ಬಳ ಸೊಂಟದ ಮೇಲೆ ಕೂಸಿತ್ತು, ಇನ್ನೊಬ್ಬಳ ತಲೆಯಲ್ಲಿ ನಾಲ್ಕು ಬಿಳಿ ಕೂದಲು. ನೀರಿನ ಟ್ಯಾಂಕಿನ ನೆರಳಲ್ಲಿ ಚಾದರ ಹಾಸಿ ಭಾಯಿ ಕುಳಿತಿದ್ದರು. ಪಕ್ಕದಲ್ಲಿ ಬ್ಲೇಡು, ವಡಾಪಾವಿನ ಪೊಟ್ಟಣ. ಒಂದೊಂದೇ ಗ್ಲೌ ಕೊಯ್ದರು, ನಾನು ಓದಿದೆ, ಹಿಂದಿಯಲ್ಲಿ ಹೇಳಿದೆ. ಪ್ರತಿ ಸಲವೂ ಕೇಕೆ. ಕೂಸಿನವಳಿಗೆ "ಈಕಿ ಓಡೂದ್ರಾಗ ಎಲ್ಲಾರಕಿಂತ ಮುಂದ" ಎಂದು ಬಂತು. "ಈಗ ಇದರ ಹಿಂದೆ ಓಡ್ತೇನೆ ಸರ್," ಎಂದು ಅವಳು ಕೂಸನ್ನು ತೋರಿಸಿದಳು.

ಕೊನೆಗೆ ನಮ್ಮದು. ಭಾಯಿ ಅಂಚನ್ನು ಬೆರಳಿಂದ ಹುಡುಕಿದರು. ಹೊಲಿಗೆಯ ಮೇಲೆ ಅವರ ಬೆರಳು ನಿಂತಿತು. ಕಣ್ಣು ಮಂಜಾದರೇನು, ತನ್ನ ಟಾಕಿ ಅಲ್ಲವೆಂದು ತಿಳಿಯದೇ? ಅವರು ತಲೆ ಎತ್ತಿ ನನ್ನ ಮಗಳ ಕಡೆ ನೋಡಿದರು. ಅವಳು ಪಾವು ಮುರಿಯುತ್ತಿದ್ದಳು, ನೆಲ ನೋಡಿದಳು.

"ಭಾಳ ಗಟ್ಟಿ ಹೊಲಿಗಿ," ಎಂದಷ್ಟೇ ಹೇಳಿ ಕೊಯ್ದರು. ಚೀಟಿ ನನ್ನ ಕೈಗಿಟ್ಟರು.

ಬಿಚ್ಚಿದೆ. ನನ್ನ ಮೂರು ಸಾಲು. ಅದರ ಕೆಳಗೆ ಪೆನ್ಸಿಲ್‌ನಲ್ಲಿ, ರೊಟ್ಟಿಯಂತೆ ದುಂಡಗಿನ, ಆದರೆ ನಡುಗುವ ಅಕ್ಷರದಲ್ಲಿ ಇನ್ನೊಂದು ಸಾಲು: ನಾನು ಓದಿದೆ. ಅಜ್ಜಿ ಓದಿದಳು. ಮಮ್ಮಿಗೆ ಹೇಳಬಾರದು.

"ಓದ್ರಿ ಅಕ್ಕಾರ," ಎಂದರು ಭಾಯಿ. "ನಾ ತಪ್ಪಿದ್ದು ಎಲ್ಲಾರೂ ಕೇಳಲಿ."

ನಾನು ತಪ್ಪಿದ್ದು, ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು, ತಪ್ಪಿರಲಿಲ್ಲ. ಹಾಗಾದರೆ ಒಳಗೆ ಬೇರೆಯೇನೋ ಇದೆಯೆಂದು ಅವರಿಗೆ ಗೊತ್ತು. ಗೊತ್ತಿದ್ದು, ತನ್ನ ಮೇಲೆ ಹಾಕಿಕೊಳ್ಳಲು ಕುಳಿತಿದ್ದಾರೆ.

ನನ್ನ ಮೂರು ಸಾಲನ್ನು ಓದಿದೆ. ಗದ್ದಲವೆದ್ದಿತು. "ಸರ್! ಇವಳು ಪಿಚರಾ? ಇವಳ ಪಿಚ್ ನಮ್ಮ ಬಿಲ್ಡಿಂಗ್‌ತನಕ ಬರ್ತಿತ್ತು!" ಭಾಯಿ ಎರಡೂ ಕಿವಿ ಹಿಡಿದುಕೊಂಡು, "ಚುಕ್ ಗಯಾ ಬೇಟಾ, ಮಾಫ್ ಕರೋ," ಎಂದು ಮಗಳ ಮುಂದೆ ತಲೆ ಬಗ್ಗಿಸಿದರು. ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಡಲು ಆಗಲಿಲ್ಲ. ತಪ್ಪಿನ ಕಾಲಂ ಬರೆದ ಕೈ ನನ್ನದು.

"ಭಾಯಿ, ಕಿವಿ ಬಿಡ್ರಿ. ಇದು ನೀವು ಹೇಳಿದ್ದಲ್ಲ. ನೀವು ಪಿಚರ್ ಆಗೂದಿಲ್ಲ ಅಂತ ಹೇಳಿದ್ರಿ. ನಾ ಬರೀಲಿಲ್ಲ. ನನ್ನ ಕೈಲಿ ಆಗಲಿಲ್ಲ. ಇದು ನನ್ನ ಹೆಸರಿಗೆ ಬರ್ಕೊಳ್ರಿ." ಮಗಳ ಕಡೆ ನೋಡುವ ಧೈರ್ಯ ಸಾಲದೆ ನೀರಿನ ಟ್ಯಾಂಕಿನ ಕಡೆ ನೋಡುತ್ತ ಹೇಳಿದೆ, "ಎರಡು ವರ್ಷ ನಿನ್ನ ಅಳಿಸಿದಾಕಿ ನಾನವ್ವಾ."

ಆಚೆ ಕ್ರಿಕೆಟ್ಟಿನವರು ಔಟೋ ಅಲ್ಲವೋ ಎಂದು ಜಗಳವಾಡುತ್ತಿದ್ದರು.

"ಮಮ್ಮಿ," ಎಂದಳು ಮಗಳು, ಬಾಯಲ್ಲಿ ಪಾವು ಇಟ್ಟುಕೊಂಡೇ. "ಪತಾ ಹೈ ಮುಝೆ. ಮೊದ್ಲಿಂದನೂ. ಅಜ್ಜಿ ಅದನ್ನ ಓದಿದ್ಲು, ಓದಿದ ಕೂಡ್ಲೇ ಹೇಳಿದ್ಲು. ಏ ಕೂಸ, ಭವಿಷ್ಯ ಹಿಂಗಿರ್ತದೇನು? ಯಾರೂ ಬ್ಯಾಡ ಅನ್ನಬಾರದು ಅಂತ ಯಾವ ಕೋಚ್ ಹೇಳ್ತಾನ? ಇದು ನಿಮ್ಮವ್ವನ ಹರಕಿ. ಹಂಗ ಅಂದ್ಲು."

"ಮತ್ತ ಗೊತ್ತಿದ್ದೂ ಪಿಚರ್ ಆಗಾಕ ಹೋದಿ?"

"ನಿನಗ ಆಗಬೇಕಿತ್ತಲ್ಲ." ಪಾವು ನುಂಗಿ, "ನನಗೂ ಆಗಬೇಕಿತ್ತು. ಝೂಟ್ ನಹೀಂ ಬೋಲೂಂಗಿ. ದೋನೋ, ಇಬ್ರಿಗೂ."

ಆಯ್ಕೆ ಆಟದ ಮರುದಿನ ಬೈಕುಲ್ಲಾಕ್ಕೆ ಹೋದದ್ದು ಇದನ್ನೇ ಕೇಳಲಿಕ್ಕಂತೆ. ಸರ್, ನಿಜವಾಗಿ ನೀವು ಏನು ಹೇಳಿದ್ರಿ ಎಂದು. ಭಾಯಿಗೆ ಆಗಲೇ ಎಲ್ಲ ತಿಳಿಯಿತು. ಆದರೂ ಅವರು, "ಏನ್ ಬರದೈತೋ ಅದ ನಾ ಹೇಳಿದ್ದು. ನಂದ ತಪ್ಪು. ಈಗ ಇದನ್ ಹಾಕ್ಕೊಂಡು ಕೂಡು," ಎಂದು ಕ್ಯಾಚರ್ ಗ್ಲೌ ಕೊಟ್ಟು ಕಳಿಸಿದ್ದರು.

"ನಕ್ಕೋ, ನಕ್ಕೋ, ಅಳಬ್ಯಾಡ್ರಿ ಅಕ್ಕಾರ," ಎಂದರು ಭಾಯಿ ನನಗೆ. "ತಾಯಿ ಕೈಗೆ ಪೆನ್ನ ಕೊಟ್ಟಾಂವ ನಾನು. ಅದು ನನ್ನ ತಪ್ಪ ಹೌದಲ್ಲೊ?"

ಕಣ್ಣೊರೆಸಿಕೊಂಡು ಹನ್ನೊಂದು ವರ್ಷದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. "ಭಾಯಿ, ಆದ್ರ ಅಂದ್ರಿ. ಆದ್ರ ಅಂದಮ್ಯಾಲ ಇನ್ನೂ ಏನೋ ಹೇಳಿದ್ರಿ. ನಾ ಕೇಳಲಿಲ್ಲ. ಏನದು?"

ಅವರು ಗ್ಲೌ ತೆಗೆದುಕೊಂಡರು. ಚಿಕ್ಕದು, ನಾಲ್ಕು ಬೆರಳಷ್ಟೇ ಹೋದವು. ಬೆಳಕಿಗೆ ಹಿಡಿದು ಹೆಬ್ಬೆರಳಿಂದ ನಡುವನ್ನು ಸವರಿದರು. ಅಲ್ಲಿ ಮಾತ್ರ ಚರ್ಮ ಕಪ್ಪಗೆ, ನುಣ್ಣಗೆ, ತಗ್ಗು ಬಿದ್ದಿತ್ತು. ಅವರ ಬಾಯಿ ತೆರೆಯಿತು. ಮತ್ತೆ ಮುಚ್ಚಿತು.

"ಈಗ ಹೇಳಿದ್ರ ಏನ್ ಬಂತು? ಹುಡಿಗಿ ಕ್ಯಾಚರ್ ಆಗ್ಯಾಳ, ಅದನ್ನ ನೋಡಿ ಹೇಳ್ದಂಗ ಆಗ್ತದ. ಆದಮ್ಯಾಲ ಎಲ್ಲಾರೂ ಹೇಳ್ತಾರ. ಬರದಿಲ್ಲ ಅಂದ್ರ ನಾ ಹೇಳಿಲ್ಲ, ಬಸ್." ಗ್ಲೌವನ್ನು ಮಗಳ ಮಡಿಲಿಗೆ ಹಾಕಿದರು.

ಅವರೆಂದೂ ಹೇಳಲಿಲ್ಲ. ನಾನೂ ಮತ್ತೆ ಕೇಳಿಲ್ಲ. ಒಂದು ಸಂಜೆ ನನ್ನ ಕಿವಿ ಮುಚ್ಚಿದ್ದಕ್ಕೆ ಅಷ್ಟು ಕಳೆದುಕೊಂಡದ್ದು ಸರಿಯೇ ಎಂದುಕೊಂಡಿದ್ದೇನೆ.

ಪೊಟ್ಟಣಗಳನ್ನು ಸುತ್ತುವಾಗ ಭಾಯಿ ತಮ್ಮ ಚೀಲದಿಂದ ಒಂದು ಪುಟ್ಟ ಗ್ಲೌ ತೆಗೆದರು. ಮಗಳು ಈಗ ಕಲಿಸುವ ಹುಡುಗಿಯರಲ್ಲಿ ಎಲ್ಲರಿಗಿಂತ ಚಿಕ್ಕವಳದು. ಇದೊಂದು ಹೊಲಿಯುವಷ್ಟು ಕಣ್ಣು ಉಳಿದಿದೆ ಎಂದರು. ನಾನು ರೂಢಿಯಂತೆ ಪೆನ್ನಿಗೆ ಕೈ ಚಾಚಿದೆ. ಭಾಯಿ ಪೆನ್ನನ್ನು ನನ್ನ ಕೈ ದಾಟಿಸಿ ಮಗಳಿಗೆ ಕೊಟ್ಟರು.

ಅವಳು ಸ್ಕೋರ್ ಪುಸ್ತಕದ ಮೇಲೆ ಕಾಗದವಿಟ್ಟು, ಕ್ಯಾಚರ್ ಕೂರುವ ಹಾಗೆಯೇ ಕುಕ್ಕರಗಾಲಲ್ಲಿ ಕುಳಿತಳು. ಭಾಯಿ ತಗ್ಗಿದ ದನಿಯಲ್ಲಿ ಹೇಳತೊಡಗಿದರು. ಅವಳು ನಿಧಾನವಾಗಿ ಬರೆದಳು, ನಡುವೆ ನಿಂತು, "ಸರ್, ಫಿರ್ ಸೇ," ಎಂದಳು. ಚಹಾದವನು ಗ್ಲಾಸು ತಂದು ನಿಂತ. ಅವಳು ತಲೆ ಎತ್ತಲಿಲ್ಲ. ದುಂಡನೆಯ ಅಕ್ಷರಗಳು ಒಂದರ ಪಕ್ಕ ಒಂದು ಬಂದು ಕುಳಿತವು, ನಡುವೆ ಅತ್ತೆ ಬಿಡುತ್ತಿದ್ದಷ್ಟೇ ಜಾಗ. ನಾನು ಮೆಲ್ಲಗೆ ಅವಳ ಭುಜದ ಹಿಂದಿನಿಂದ ಬಗ್ಗಿದೆ. 'ಆದ್ರ' ಎಂಬ ಮಾತು ಕಂಡಂತಾಯಿತು.

ಮಗಳು ಎಡಗೈಯಿಂದ ಕಾಗದ ಮುಚ್ಚಿದಳು.

"ಮಮ್ಮಿ, ನೋಡಬ್ಯಾಡ. ಇನ್ನೂ ಮುಗದಿಲ್ಲ."